ಜನಾಬಾಯಿ ತೊಳೆದ ಬಾನಕುರಿ

ಠಾಣಾ ಕುಶನೂರದ ಜನಾಬಾಯಿದು ಒಂದೇ ಹಟ ನೋಡ್ರಿ: ತನ್ನ ಕುರಿ ಹೊಲಸಾಗಿ ಯಾರ ಕಣ್ಣಿಗೂ ಬೀಳಬಾರದು. ಕಂಬಳಿಗೆ ಉಣ್ಣಿ ಕತ್ತರಸೂಕಿಂತ ಮೊದ್ಲ ಹಳ್ಳಕ್ಕ ಇಳಿಸಿ, ಒಂದೊಂದರ ಕಾಲು ಎತ್ತಿಸಿ, ಗೊರಸಿನ ಸಂದಿ ಸೈತ ತಿಕ್ಕಾಕಿ. ಮುದುಕಿ ಬಾಯಿ ಜೋರು, ಕೈ ಮಾತ್ರ ತಾಯಿದು.

ಹೋದ ದೀಪಾವಳಿ ಆದಮ್ಯಾಲ ಊರಾಚೆ ಮೊರಡಿಗೆ ಆಕಾಶದಿಂದ ಒಂದು ಗುಂಡು ಬಿತ್ತು. ಅದರಾಗಿಂದ ಆರು ಕಾಲಿನ ಪ್ರಾಣಿ ಹೊರಗ ಬಂತು. ಬೀದರದಿಂದ ಮಂದಿ ಬಂದು ಫೋಟೋ ಹೊಡಕೊಂಡ್ರು, ಸಾಹೇಬ್ರು ಬಂದು ಕಾಗದ ಬರ್ಕೊಂಡ್ರು, ಎಲ್ಲಾರೂ ಹೋದ್ರು. ಪ್ರಾಣಿ ಜನಾಬಾಯಿ ಕುರಿ ಹಿಂದ ಬಂದು ದೊಡ್ಡಿ ಸೇರ್ತು. ಆಕಿ ಅದಕ್ಕ ಬಾನಕುರಿ ಅಂದ್ಳು. ಜಾಲಿಮುಳ್ಳು ತಿಂತಿತ್ತು, ನೀರು ಮೂಸಿನೂ ನೋಡ್ತಿರಲಿಲ್ಲ. ಮೈತುಂಬ ಉಪ್ಪು ಗಟ್ಟಿದಂಥ ಬಿಳಿ ಹಕ್ಕಳಿ. ನಸುಕಿನ ಇಬ್ಬನಿ ಅದರ ಮ್ಯಾಲ ಕುಂತ್ರ ಸಾಕು, ಅದರ ದಾಹ ತೀರ್ತಿತ್ತು.

ಬಿತ್ತಗಿಗೆ ಬೇಕಾದ ಮಿರಗದ ಮಳಿ ಹತ್ರ ಬಂತು. ಕುರಿ ತೊಳಿಯೂ ದಿನ ಆಕಿ ಬಾನಕುರಿನ್ನೂ ಹಳ್ಳಕ್ಕ ಇಳಿಸಿದಳು.

"ಅದು ನಮ್ಮ ಜಾತಿ ಕುರಿ ಅಲ್ಲ, ಬಿಡ," ಅಂದ ಗಂಡ ಮಚ್ಛೇಂದ್ರ.

"ಅಯ್ಯ, ಇದೊಂದಕ್ಕ ಹಂಗ ಬಿಟ್ರ ಮಂದಿ ಏನಂದಾರು? ಮಲತಾಯಿ ಅಂದಾರು!"

ಬಾನಕುರಿ ಮಿಸುಕಲಿಲ್ಲ. ಆಕಿ ತಟ್ಟಿದಂಗ ಆರೂ ಕಾಲು ಒಂದೊಂದಾಗಿ ಎತ್ತಿ ಕೊಟ್ತು. ಹಕ್ಕಳಿ ಎಲ್ಲಾ ಕಳಚಿ ಹೋತು, ಒಳಗ ಹಸುಗೂಸಿನಂಥ ಕೆಂಪು ಚರ್ಮ. "ಈಗ ಮದಿಮಗ ಕಂಡಂಗ ಕಾಣ್ತಿ ನೋಡು," ಅಂತ ನಕ್ಕಳು ಪಾಪ.

ಸಂಜಿಗೆ ಅದರ ಹೊಟ್ಟಿ ಉಬ್ಬಿತು. ಭಾಲ್ಕಿಯಿಂದ ದನದ ಡಾಕ್ಟರ ಚಾಂದ ಪಾಶಾನ್ನ ಕರಸಿದ್ರು. ಅವ ಮುಟ್ಟಿ ನೋಡಿ ತಲಿ ಕೆಳಗ ಹಾಕಿದ.

"ಇದು ಮೈಯಿಂದ ನೀರು ಕುಡೀತದರಿ ಆಯಿ. ಹೆಚ್ಚಿನ ನೀರು ತಡಿಯಾಕ ಆ ಹಕ್ಕಳಿನೇ ಇದರ ಬಾಗಿಲಿತ್ತು. ತಿರುಗಿ ಬೆಳಿಯೂತನಕ ಒಂದು ಹನಿ ಸೈತ ತಾಕಬಾರದರಿ."

"ಎಷ್ಟು ದಿನ ಬೇಕರಿ ಸಾಹೇಬ್ರ?"

"ಖುದಾಗೇ ಗೊತ್ತರಿ."

ಅಷ್ಟೇ, ಆಕಿ ಊಟ ಮರೆತಳು. ಬೂದಿ ಹಚ್ಚಿದಳು, ಹರಳುಪ್ಪು ಸವರಿದಳು, ತಗಡಿನ ಚಪ್ಪರದಾಗ ಕಂಬಳಿ ಹೊಚ್ಚಿ ಕಾದಳು. ಎಂಟನೇ ದಿನಕ್ಕ ಕುತ್ತಿಗಿ ಹತ್ರ ಉಗುರಿನಷ್ಟು ಹಕ್ಕಳಿ ಮೂಡಿತು. ಅವತ್ತೇ ಮೋಡ ಕಟ್ಟಿತು.

"ಮಹಾದೇವಾ, ಇನ್ನೊಂದು ವಾರ ತಡಿಯಪ್ಪಾ. ತಪ್ಪು ನಂದು, ಇದರ ಮ್ಯಾಲ ಯಾಕ ಸಿಟ್ಟು?" ಅಂತ ಅಂಗಳದಾಗ ನಿಂತು ಕೈ ಮುಗದಳು.

ನೆರಿಮನಿ ದಾನಮ್ಮ ಕೇಳಿಸಿಕೊಂಡು ಹರಿಹಾಯ್ದಳು: "ನಿನ್ನ ಬಾಯಿಗೆ ಹುಳ ಬೀಳಲಿ! ಊರೆಲ್ಲಾ ಬಿತ್ತಗಿ ಕಾಯಾಕತ್ತದ, ಮಳಿ ಬ್ಯಾಡ ಅಂತೀಯೇನ?"

ಜನಾಬಾಯಿ ಚಪ್ಪರದಾಗ ಹೋಗಿ ಕಂಬಳಿ ಇನ್ನಷ್ಟು ಬಿಗಿಯಾಗಿ ಹೊಚ್ಚಿದಳು.

ಮಧ್ಯಾಹ್ನ ಗಾಳಿ ಬಿಟ್ಟು ತಗಡು ಹಾರಿ ಹೋತು. ಹಿಂದಿಂದನೇ ಮಳಿ. ಊರ ಮಂದಿ ಬಯಲಿಗೆ ಬಂದು ಕೇಕಿ ಹಾಕಿದ್ರು. ಗಂಡ ಹೆಂಡತಿ ಇಬ್ರೂ ಬಾನಕುರಿ ಮ್ಯಾಲ ಬಿದ್ದು ಅಪ್ಪಿಕೊಂಡ್ರು. ಉಪ್ಪು ಕರಗಿ ಹರೀತು, ಕಂಬಳಿ ತೊಯ್ದು ಭಾರ ಆತು.

"ನಾನೇ ಕೊಂದೆನಲ್ಲೋ ನಿನ್ನ," ಅಂತ ಆಕಿ ಅತ್ತಳು. ಒದ್ದಿ ಕೈಲೆ ಅದರ ಮೈ ಸವರಿದಳು.

ಆ ಒದ್ದಿ ಕೈ ತಾಕಿದ್ದೇ ತಡ, ಬಾನಕುರಿ ನಡುಗಿಕೋತ ಎದ್ದು ನಿಂತಿತು. ತಿರುಗಿ ಮೈ ತೊಳೀತಾಳ ಅಂದ್ಕೊಂತೋ ಏನೋ. ಮುಂದಿನ ಕಾಲು ಎತ್ತಿ ಆಕಿ ಕೈಯಾಗ ಇಟ್ತು. ಆಮ್ಯಾಲ ಎರಡನೇದು, ಮೂರನೇದು.

ನಾಲ್ಕನೇ ಕಾಲು ಆಕಿ ಕೈಯಾಗಿದ್ದಾಗ ಅದು ಕುಸಿದು ಬಿತ್ತು.