ಹೊಲಿಗೆ ಕಾಣಬಾರದು ಎನ್ನುವ ಅಂಟಕ್ಕ

ಶನಿವಾರ ಬೆಳಗಿನ ಆರೂವರೆ. ಸಾರ್ವಜನಿಕ ಗ್ರಂಥಾಲಯದ ಹಿಂಬದಿ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಪುಟ್ಟ ವಿದ್ಯುತ್ ಒಲೆಯ ಮೇಲೆ ಮೈದಾ ಹಿಟ್ಟಿನ ಅಂಟು ಕುದಿಯುತ್ತಿದೆ. ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಕೋಲಿನಿಂದ ಕಲಕುತ್ತಿರುವ ಹೆಂಗಸು ಕೋಲನ್ನು ಬಿಟ್ಟು ಬಾಗಿಲವರೆಗೆ ಹೋಗುತ್ತಾರೆ, ಖಾಲಿ ಅಂಗಳ ನೋಡುತ್ತಾರೆ, ವಾಪಸು ಬರುತ್ತಾರೆ. ಮತ್ತೆ ಹೋಗುತ್ತಾರೆ. ಅಷ್ಟರಲ್ಲಿ ಅಂಟು ಗಂಟು ಕಟ್ಟಿಕೊಂಡಿದೆ.

"ಮೂವತ್ತೊಂದು ವರ್ಷದಲ್ಲಿ ಇವತ್ತೇ ನೋಡಿ ಹಿಂಗಾಗಿದ್ದು" ಎನ್ನುತ್ತ ಅವರು ಅದನ್ನು ಬಟ್ಟೆಯಲ್ಲಿ ಸೋಸುತ್ತಾರೆ. "ಕೈ ಇಲ್ಲಿದೆ, ಮನಸ್ಸು ಹತ್ತು ಗಂಟೆ ಹತ್ರ ಹೋಗಿ ಕೂತಿದೆ."

ಹತ್ತಕ್ಕೆ ಮೇಲಧಿಕಾರಿ ಬರುತ್ತಾರೆ. ಪ್ರತಿ ಶನಿವಾರ ಬರುವ ಮಕ್ಕಳನ್ನು ಈ ಕೋಣೆಗೆ ಇನ್ನು ಮುಂದೆ ಬಿಡುವುದೋ ಬೇಡವೋ ಎಂಬುದು ಇವತ್ತು ತೀರ್ಮಾನವಾಗುತ್ತದೆ.

ಇವರ ಕೆಲಸ ಹರಿದ ಪುಸ್ತಕ ಹೊಲಿಯುವುದು. ಹದಿಹರೆಯದವರ ಬಾಯಲ್ಲಿ ಇವರು ಅಂಟಕ್ಕ. ಒಂಬತ್ತನೇ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಪುಸ್ತಕ ಹೊಲಿಯಲು ಅವರು ಕೂರುತ್ತಿದ್ದ ಚಾಪೆ, ದಬ್ಬಣ, ರಟ್ಟು ಕತ್ತರಿಸುವ ಚಾಕು ಮಗಳ ಪಾಲಿಗೆ ಬಂದವು. ಅಲ್ಲಿ ಇಲ್ಲಿ ಹೊಲಿದು ಕೈ ಪಳಗಿದ ಮೇಲೆ ಗ್ರಂಥಾಲಯ ಕರೆಯಿತು. ಹದಿನಾಲ್ಕು ವರ್ಷ ದಿನಗೂಲಿ, ಆಮೇಲೆ ಕಾಯಂ. ದಿನಕ್ಕೆ ಹನ್ನೆರಡು ಪುಸ್ತಕ ಕೈದಾಟುತ್ತವೆ. ಬೆರಳ ತುದಿಗಳು ಒಡೆದಿವೆ, ಮೈಲುತುತ್ತ ತಾಗಿದರೆ ಚುರ್ ಎನ್ನುತ್ತದೆ. ಗಂಡ ತೀರಿಹೋಗಿ ಆರು ವರ್ಷ. ಮಗಳು ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ. ಮನೆಗೆ ಇರುವುದು ಒಂದೇ ಬೀಗದ ಕೈ. ಶನಿವಾರ ಬೆಳಿಗ್ಗೆ ತಾಯಿ ಹೊರಡುವ ಹೊತ್ತಿಗೆ ಮಗಳು ಬರುತ್ತಾಳೆ. ಬೀದಿ ತಿರುವಿನಲ್ಲಿ ಬೀಗದ ಕೈ ಕೈ ಬದಲಾಯಿಸುತ್ತದೆ. "ತಿಂದ್ಯಾ?" "ನೀನು?" ಅಷ್ಟೇ ಮಾತು.

ಉಳಿದ ದಿನ ಎಂಟೂವರೆಗೆ ಬಂದರಾಯಿತು. ಶನಿವಾರ ಮಾತ್ರ ಆರಕ್ಕೇ ಬರಬೇಕು. ಕಾರಣ, ಕೋಣೆಯಲ್ಲಿರುವುದು ಒಂದೇ ಪ್ಲಗ್ ಪಾಯಿಂಟ್. ಎಂಟರೊಳಗೆ ಒಲೆಯ ಕೆಲಸ ಮುಗಿಯಬೇಕು, ಆಮೇಲೆ ಆ ಪ್ಲಗ್ ಮಕ್ಕಳ ಮೊಬೈಲಿಗೆ.

ಮಕ್ಕಳು ಬರಲು ಶುರುವಾದದ್ದೂ ಆ ಪ್ಲಗ್ಗಿನಿಂದಲೇ. ಐದು ವರ್ಷದ ಹಿಂದೆ ಒಂದು ರಜೆಯಲ್ಲಿ ಮೂವರು ಹುಡುಗರು ಮೊಬೈಲ್ ಚಾರ್ಜ್ ಮಾಡಲು ಜಾಗ ಹುಡುಕುತ್ತ ಒಳಗೆ ನುಗ್ಗಿದರು. ಅಂಟಕ್ಕ ಬೇಡವೆನ್ನಲಿಲ್ಲ. "ಕರೆಂಟಿಗೆ ದುಡ್ಡು ಬೇಡಪ್ಪ, ಆದ್ರೆ ಸುಮ್ನೆ ನಿಲ್ಲೋ ಹಾಗಿಲ್ಲ" ಎಂದು ಬಿಚ್ಚಿದ ಪುಸ್ತಕವೊಂದನ್ನು ಕೈಗಿಟ್ಟರು. ಪುಟಗಳನ್ನು ಕ್ರಮವಾಗಿ ಜೋಡಿಸಬೇಕು. ಹಳೆಯ ಪುಸ್ತಕ ಮೊದಲು ಸವೆಯುವುದು ಮೂಲೆಯಲ್ಲಿ; ಅಂಕಿ ಇರುವುದೂ ಅಲ್ಲೇ. ಅಂಕಿ ಹೋದಮೇಲೆ ಈ ಪುಟದ ಕೊನೆ ಸಾಲು, ಆ ಪುಟದ ಮೊದಲ ಸಾಲು ಓದಿಯೇ ಕೂಡಿಸಬೇಕು. ಹಾಗೆ ಓದುತ್ತ ಒಬ್ಬ ನಡುವಿನ ಸಾಲುಗಳಿಗೂ ಇಳಿದ. ಮೊಬೈಲ್ ತುಂಬಿ ಗಂಟೆಯಾದರೂ ಏಳಲಿಲ್ಲ.

ಈಗ ಹದಿಮೂರರಿಂದ ಹದಿನೆಂಟರೊಳಗಿನ ಇಪ್ಪತ್ತೆರಡು ಮಕ್ಕಳು ಬರುತ್ತಾರೆ. ಕಳೆದುಹೋದ ಹಾಳೆಯ ಜಾಗಕ್ಕೆ ಖಾಲಿ ಹಾಳೆ ಹೊಲಿದು, ಅಲ್ಲಿ ಏನಿದ್ದಿರಬಹುದೆಂದು ಊಹಿಸಿ ಬರೆಯುವುದು ಅವರೇ ಕಂಡುಕೊಂಡ ಆಟ. ಬರೆಯಬೇಕಾದರೆ ಹಿಂದಿನದನ್ನೂ ಮುಂದಿನದನ್ನೂ ಪೂರ್ತಿ ಓದಬೇಕು. ಹೀಗೆ ನಲವತ್ತಮೂರು ಹಾಳೆ ತುಂಬಿವೆ. ತೊಂದರೆಯಾದದ್ದು ನಲವತ್ತಮೂರನೆಯದರಿಂದ.

ಎಂಟಕ್ಕೆ ಮಕ್ಕಳು ಬರತೊಡಗುತ್ತಾರೆ. ಎಂದಿನ ಗದ್ದಲ ಇಲ್ಲ. ಒಬ್ಬ ಬಾರಿಬಾರಿಗೂ ಗಡಿಯಾರ ನೋಡುತ್ತಾನೆ, ಇನ್ನೊಬ್ಬಳು ಪಾದ ಕುಣಿಸುತ್ತಾಳೆ. ಹದಿನೈದರ ಹುಡುಗಿಯೊಬ್ಬಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುತ್ತಿದ್ದಾಳೆ. ಕೂತಲ್ಲಿ ಕೂರದ ಇವಳಿಗೆ ಇಲ್ಲಿ ಬುಗುರಿ ಎಂದೇ ಹೆಸರು.

"ಕೂತ್ಕೋಳೇ, ನೆಲ ಸವೀತದೆ" ಎನ್ನುತ್ತಾರೆ ಅಂಟಕ್ಕ.

"ನೀವೇ ಕೂತಿಲ್ಲ, ಅಕ್ಕ."

ಅದೂ ನಿಜ. ಅವರು ಒಂದೇ ಪುಸ್ತಕವನ್ನು ಎರಡು ಸಲ ಹೊಲಿದು ಎರಡು ಸಲ ಬಿಚ್ಚಿದ್ದಾರೆ.

ಆ ನಲವತ್ತಮೂರನೆಯ ಹಾಳೆ ಬುಗುರಿಯದು. ಪತ್ತೇದಾರಿ ಕಾದಂಬರಿಯೊಂದರಲ್ಲಿ ಹಾಳೆಯೊಂದು ಇರಲಿಲ್ಲ. ಬೇರೆಯವರಂತೆ ಕೈಯಲ್ಲಿ ಬರೆದು, ಮೇಲೆ 'ಇದು ನಮ್ಮ ಊಹೆ' ಎಂದು ಹಾಕಿದ್ದರೆ ಮುಗಿಯುತ್ತಿತ್ತು. ಇವಳು ಅದೇ ಅಳತೆಯ ಅಕ್ಷರದಲ್ಲಿ ಅಚ್ಚು ಹಾಕಿಸಿದಳು. ಹಾಳೆ ಬೆಳ್ಳಗೆ ಎದ್ದು ಕಾಣುತ್ತದೆಂದು ಟೀ ನೀರಲ್ಲಿ ಅದ್ದಿ ಹಳದಿ ಮಾಡಿ ಒಣಗಿಸಿದಳು. ಹೊಲಿಗೆಗೆ ಮುಂಚೆ ಅಂಟಕ್ಕನೂ ಅದನ್ನು ಬೆಳಕಿಗೆ ಹಿಡಿದು ನೋಡಿ "ಭೇಷ್" ಎಂದಿದ್ದರು. ಊಹೆಯ ಸಾಲು ಇಲ್ಲದ್ದು ಇಬ್ಬರಿಗೂ ಹೊಳೆಯಲಿಲ್ಲ.

ಆ ಪುಸ್ತಕ ಒಯ್ದವರು ಭೂಮಾಪನ ಇಲಾಖೆಯಿಂದ ನಿವೃತ್ತರಾದ ಹಿರಿಯರು. ಕಾದಂಬರಿಯಲ್ಲಿ ಮೊದಲೇ ಊರು ಬಿಟ್ಟು ಹೋಗಿದ್ದ ತೋಟದ ಮಾಲಿ ಬುಗುರಿಯ ಹಾಳೆಯಲ್ಲಿ ಬಂದು ಗೇಟು ತೆಗೆದುಬಿಟ್ಟಿದ್ದ. ಅವನು ಯಾವಾಗ ವಾಪಸು ಬಂದನೆಂದು ಅವರು ಎರಡು ದಿನ ಹಿಂದುಮುಂದಾಗಿ ಪುಟ ತಿರುವಿದರು. ಕೊನೆಗೆ ಗೆಳೆಯರ ಮನೆಯ ಪ್ರತಿ ನೋಡಿದಾಗ ಗುಟ್ಟು ರಟ್ಟಾಯಿತು. ದೂರು ಬರೆದರು.

ಹತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಮೇಲಧಿಕಾರಿ ಬರುತ್ತಾರೆ. ಜೊತೆಗೆ ಆ ಹಿರಿಯರೂ ಇದ್ದಾರೆ. ಮಕ್ಕಳು ಎದ್ದು ನಿಲ್ಲುತ್ತಾರೆ. ಯಾರೂ ಹೇಳದೆಯೇ ಒಬ್ಬ ಹುಡುಗ ಸ್ಟೂಲ್ ತಂದು, ಮೇಲಿನ ಅಂಟನ್ನು ಅಂಗಿಯ ತೋಳಲ್ಲಿ ಒರೆಸಿ ಹಿರಿಯರ ಮುಂದಿಡುತ್ತಾನೆ.

"ಸಾರ್ವಜನಿಕ ಪುಸ್ತಕದಲ್ಲಿ ಮಕ್ಕಳು ಬರೆಯೋದು ಅಂದ್ರೆ ಏನಮ್ಮ ಇದು?" ಎಂದು ಅಧಿಕಾರಿ ಕೇಳುತ್ತಾರೆ.

"ನಾನು ಸಾರ್, ನಾನೇ ಮಾಡಿದ್ದು" ಎಂದು ಬುಗುರಿ ಮುಂದೆ ಬರುತ್ತಾಳೆ. ಅವಳ ಕಾಲು ಈಗ ಮಾತ್ರ ನಿಂತಿದೆ.

ಅಂಟಕ್ಕ ಅವಳ ಭುಜ ಹಿಡಿದು ಹಿಂದಕ್ಕೆ ಸರಿಸುತ್ತಾರೆ. "ಅವಳದಲ್ಲ ಸಾರ್, ತಪ್ಪು ನಂದು. ಹೊಲಿಗೆ ಕಾಣಬಾರದು, ಕಂಡ್ರೆ ಕೆಲಸ ಕೆಟ್ಟ ಹಾಗೆ ಅಂತ ಪ್ರತಿ ವಾರ ಹೇಳ್ಕೊಟ್ಟಿದ್ದು ನಾನು. ಅವಳು ಮಾತಿಗೂ ಹಾಗೇ ಮಾಡಿದ್ಲು. ದಾರಕ್ಕೆ ಒಂದು ನಿಯಮ, ಬರೆದ ಮಾತಿಗೆ ಇನ್ನೊಂದು ಅಂತ ನಾನು ಹೇಳಲೇ ಇಲ್ಲ. ಇವರನ್ನ ಕಳಿಸ್ಬೇಡಿ. ನನ್ನನ್ನ ಏನು ಬೇಕಾದ್ರೂ ಕೇಳಿ."

ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಅಧಿಕಾರಿಯ ಕಡೆ ತಿರುಗುತ್ತಾರೆ.

"ಕಳಿಸಿ ಅಂತ ನಾನು ಎಲ್ಲಿ ಬರ್ದಿದ್ದೀನಿ? ದೂರು ಪೂರ್ತಿ ಓದಿದ್ರಾ? ಜಮೀನಿಗೆ ನೆಡೋ ಹಾಗೆ ಪುಸ್ತಕದಲ್ಲೂ ಯಾವುದು ಯಾರದು ಅಂತ ಗಡೀಲಿ ಕಲ್ಲು ನೆಡಬೇಕು ಅಂತ ಬರ್ದಿದ್ದೆ. ನಲವತ್ತು ವರ್ಷ ನೆಟ್ಟಿದ್ದು ಅದನ್ನೇ." ಜೇಬಿನಿಂದ ಮಡಿಸಿದ ಹಾಳೆ ತೆಗೆಯುತ್ತಾರೆ. ಗೆಳೆಯರ ಪ್ರತಿ ನೋಡಿ ಕೈಯಾರೆ ಬರೆದುಕೊಂಡು ಬಂದ ನಿಜವಾದ ಪುಟ. "ಇದನ್ನೂ ಹೊಲೀರಿ. ಇವಳದೂ ಇರಲಿ. ಎರಡರ ಮಧ್ಯೆ ಯಾವುದು ಯಾರದು ಅಂತ ಬರೀಲಿ." ಬುಗುರಿಯನ್ನು ನೋಡುತ್ತಾರೆ. "ಮಾಲೀನ ಯಾಕಮ್ಮ ಕರೆಸಿದ್ದು? ಅವನು ಊರಲ್ಲೇ ಇರಲಿಲ್ಲ."

"ಹಿಂದಿನ ಪುಟದಲ್ಲಿ ನಾಯಿ ಬೊಗಳಲಿಲ್ಲ ಅಂತಿದೆ, ಅಜ್ಜ. ಗುರುತಿನವರು ಬಂದ್ರೆ ತಾನೆ ನಾಯಿ ಸುಮ್ಮನಿರೋದು?"

"ಅದು ನನಗೆ ಹೊಳೀಲಿಲ್ಲ" ಎಂದು ಹಿರಿಯರು ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ಅಧಿಕಾರಿ ಕಡತದಲ್ಲಿ ಎರಡು ಸಾಲು ಗೀಚುತ್ತಾರೆ. ಮಕ್ಕಳು ಬರಬಹುದು, ಊಹೆಯ ಹಾಳೆಯ ಮೇಲೆ ತಪ್ಪದೆ ಹಾಗೆಂದು ಬರೆದಿರಬೇಕು. ನಲವತ್ತಮೂರು ಹಾಳೆಗಳನ್ನೂ ಇವತ್ತೇ ತೆಗೆದು ನೋಡಬೇಕೆಂದು ಮಕ್ಕಳು ಆಗಲೇ ಕಪಾಟುಗಳ ಕಡೆ ಚದುರಿದ್ದಾರೆ. ಅಂಟಕ್ಕ ಕೊನೆಗೂ ಚಾಪೆಯ ಮೇಲೆ ಕೂತು ಪತ್ತೇದಾರಿ ಕಾದಂಬರಿಯ ಬೆನ್ನು ಬಿಚ್ಚುತ್ತಾರೆ, ದಬ್ಬಣ ಹುಡುಕುತ್ತಾರೆ. ಅದು ಅವರ ಸೆರಗಿನಲ್ಲೇ ಚುಚ್ಚಿಕೊಂಡಿದೆ.

ಹೊರಡುವ ಮುಂಚೆ ಅಧಿಕಾರಿ ಬಾಗಿಲಲ್ಲಿ ನಿಂತು, ಕೋಣೆಗೆ ಇನ್ನೇನಾದರೂ ಬೇಕೇ ಎಂದು ಕೇಳುತ್ತಾರೆ. ಪುಸ್ತಕ ಒತ್ತುವ ಹೊಸ ಪ್ರೆಸ್ಸು, ಬೆಳಕು, ಒಳ್ಳೆಯ ಕುರ್ಚಿ, ಕೇಳಲು ಬೇಕಾದಷ್ಟಿದೆ.

ಅಂಟಕ್ಕ ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ.

"ಇನ್ನೊಂದು ಪ್ಲಗ್ ಪಾಯಿಂಟ್ ಹಾಕಿಸಿಕೊಡಿ ಸಾರ್. ಒಲೆಗೆ ಬೇರೆ, ಮಕ್ಕಳಿಗೆ ಬೇರೆ. ಶನಿವಾರ ಮಗಳು ಬಂದು ತಿಂಡಿ ತಿನ್ನೋವರೆಗೂ ನಾನು ಮನೇಲಿರಬಹುದು."