ನಾಲ್ಕು ‘ಳ’ಗಳು

2003ರ ಏಪ್ರಿಲ್ 11. ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ತಂಗಿಯ ಮದುವೆ ಪತ್ರಿಕೆ ಮಾಡಿಸಲು ತುಮಕೂರಿನ ಒಂದು ಪ್ರೆಸ್ಸಿಗೆ ಹೋಗಿದ್ದೆ. ಕಂಪ್ಯೂಟರಿನವನು ತೋರಿಸಿದ ಅಕ್ಷರಗಳಲ್ಲಿ ಒಂದು ಬಗೆ ಕೂದಲೆಳೆಯಷ್ಟು ಸಣ್ಣಗೆ, ಯಾರೋ ಕೂತು ಕೈಯಲ್ಲೇ ಬರೆದಂತಿತ್ತು. ಅದನ್ನೇ ಆರಿಸಿದೆ.

ಬೆಂಚಿನ ಮೇಲೆ ಕುಣಿಗಲ್ಲಿನ ವಯಸ್ಸಾದ ಸಾಹೇಬರೊಬ್ಬರು ಕೂತಿದ್ದರು. ಮೊದಲೆಲ್ಲ ಈ ಪ್ರೆಸ್ಸಿಗೆ ಪತ್ರಿಕೆಗಳನ್ನು ಕೈಯಲ್ಲಿ ಬರೆದುಕೊಡುತ್ತಿದ್ದವರು. ಈಗ ಕವರುಗಳ ಮೇಲೆ ವಿಳಾಸ ಬರೆಯುವ ಕೆಲಸವಾದರೂ ಸಿಕ್ಕೀತೇ ಎಂದು ಬಂದಿದ್ದರು. ನನ್ನ ಪ್ರೂಫ್ ನೋಡಿ, “ಇದು ನನ್ನ ಅಕ್ಷರ ಸಾರ್” ಎಂದರು.

ನಾನು ನಂಬಲಿಲ್ಲ. ಅವರು ಹಾಳೆಯಲ್ಲಿದ್ದ ನಾಲ್ಕು ‘ಳ’ಗಳ ಮೇಲೆ ಬೆರಳಿಟ್ಟು ತೋರಿಸಿದರು. ನಾಲ್ಕೂ ಒಂದೇ ಜಾಗದಲ್ಲಿ ತುಸು ನಡುಗಿದ್ದವು.

“ಸ್ಯಾಂಪಲ್‌ಗೆ ಅಂತ ಈ ಪ್ರೆಸ್ಸಿನವ್ರೇ ಅಕ್ಷರಮಾಲೆ ಪೂರ್ತಿ ಬರೆಸ್ಕೊಂಡ್ರು. ಕೊನೇ ಅಕ್ಷರಕ್ಕೆ ಕೈ ಸೋತೋಗಿತ್ತು. ಆದ್ರೂ ನಾನು ನಾಲ್ಕು ಸಲ ಒಂದೇ ಥರ ನಡುಗೋನಲ್ಲ, ಬುಡಿ.”

ಕಂಪ್ಯೂಟರಿನವನು ತಲೆ ಎತ್ತಲಿಲ್ಲ. ಅಕ್ಷರ ಬದಲಿಸು ಎಂದು ನಾನೂ ಹೇಳಲಿಲ್ಲ.

“ಅದಕ್ಕೆ ಏನು ಕೊಟ್ಟರು?” ಎಂದಷ್ಟೇ ಕೇಳಿದೆ.

“ಒಂದು ಟೀ. ಆಮೇಲೆ, ಬರೆದ ಪೆನ್ನು ನೀವೇ ಇಟ್ಕೊಳ್ಳಿ ಸಾಬ್ರೇ ಅಂದ್ರು. ಪೆನ್ನು ನಂದೇ ಸಾರ್.”