ಪೂಜೆಯ ದಿನ ಬಿಟ್ಟ ಮೀನುಗಳು

ಬೆಳಗಾವಿಯ ಸೀರೆ ಅಂಗಡಿಯೊಂದರ ಹಿಂದಿನ ಗೋದಾಮು. ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಪ್ರಮಿಳಾ ಮೊಬೈಲಿನ ಬೆಳಕನ್ನು ಅಂಗೈಯಿಂದ ಅರ್ಧ ಮುಚ್ಚಿ ಪ್ಲಾಸ್ಟಿಕ್ ಟಬ್ಬಿನೊಳಗೆ ಇಣುಕುತ್ತಾರೆ. ತಳದಲ್ಲಿ ಪೈಪಿನ ದಪ್ಪ ತುಂಡು, ಅದರೊಳಗೆ ಒಂದು ಹಳದಿ ಮೀನು. ರೆಕ್ಕೆಯ ಮೇಲೆ ರವೆಯಂಥ ಬಿಳಿ ಚುಕ್ಕೆ ಇದೆಯೇ ಎಂದು ನೋಡುತ್ತಾರೆ. ಇಲ್ಲ. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಮೀನಿನ ತಿನಿಸಿನ ಕಾಳು ಉದುರಿಸುತ್ತಾರೆ. ಮೀನು ಹೊರಗೆ ಬರುವುದಿಲ್ಲ.

"ಏ, ಸೊಕ್ಕ ಮಾಡಬ್ಯಾಡ, ಉಣ್ಣು" ಎಂದು ಗದರುತ್ತಾರೆ.

ಅಂಗಡಿಯ ಮುಂಭಾಗದಲ್ಲಿ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ ಇದೆ. ನೀರಿದೆ, ದೀಪವಿದೆ, ಸಮುದ್ರದ ಕಲ್ಲುಗಳಿವೆ. ಮೀನಿಲ್ಲ.

ಪ್ರಮಿಳಾ ಖಾನಾಪುರದವರು, ಕುರಿ ಕಾಯುವ ಮನೆತನ. ಬೆಳಗಿನ ಮೊದಲ ಬಸ್ಸಿಗೆ ಬರುತ್ತಾರೆ. ಬಣ್ಣದ ಮೀನಿನ ಅಂಗಡಿಯಲ್ಲಿ ಗಾಜು ಒರೆಸುತ್ತ ಕೆಲಸ ಕಲಿತವರು. ಈಗ ಈ ಅಂಗಡಿ, ಕ್ಯಾಂಪ್ ಪ್ರದೇಶದ ಒಂದು ಹಲ್ಲಿನ ದವಾಖಾನೆ, ಒಂದು ಹೋಟೆಲು, ಹೀಗೆ ಮೂರು ಕಡೆ ಉಪ್ಪುನೀರಿನ ತೊಟ್ಟಿ ನೋಡಿಕೊಳ್ಳುತ್ತಾರೆ. ದಿನವೂ ಕೊಡಗಟ್ಟಲೆ ನೀರಿಗೆ ಉಪ್ಪು ಕರಗಿಸಿ ಕರಗಿಸಿ ಬೆರಳ ಸಂದುಗಳು ಸೀಳಿವೆ.

ನಾದಿನಿ ಭೀಮಕ್ಕ ಛೇಡಿಸುತ್ತಾಳೆ: "ನಮ್ಮ ಹಿರ್ಯಾರು ಕುರಿ ಕಾಯ್ದ್ರು, ನೀ ಮೀನ ಕಾಯಾಕ ಹೊಂಟಿ. ಕುರಿ ಮರಿನರ ಹಾಕ್ತಾವ!"

"ನಾ ಹ್ವಾದ್ರ ಗಾಜಿನ ಕಡೆ ಓಡಿ ಬರ್ತಾವ. ನಿನ್ನ ಕುರಿ ತಲಿನೂ ಎತ್ತಂಗಿಲ್ಲ" ಎನ್ನುವುದು ಪ್ರಮಿಳಾ ಉತ್ತರ.

ದಸರೆಯ ಹೊತ್ತಿಗೆ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬಂದಿಳಿದ ಹೊಸ ಮೀನಿನ ಜೊತೆ ರೋಗವೂ ಈ ತೊಟ್ಟಿಗೆ ಬಂತು. ಮೀನುಗಳ ಮೈಮೇಲೆ ಬಿಳಿ ಚುಕ್ಕೆ. ಕಲ್ಲಿಗೆ ಮೈ ಉಜ್ಜುತ್ತಿದ್ದವು, ಏದುಸಿರು ಬಿಡುತ್ತಿದ್ದವು. ಪ್ರಮಿಳಾ ತೊಟ್ಟಿಯಲ್ಲಿದ್ದ ಆರೂ ಮೀನುಗಳನ್ನು ಟಬ್ಬಿಗೆ ಹಾಕಿ ಔಷಧಿ ಕೊಟ್ಟರು. ಚುಕ್ಕೆ ಹೋದವು. ಆದರೆ ರೋಗದ ಬೀಜ ತೊಟ್ಟಿಯ ಮರಳಿನಲ್ಲಿ ಉಳಿಯುತ್ತದೆ. ತಿನ್ನಲು ಮೀನು ಸಿಗದಿದ್ದರೆ ಮಾತ್ರ ಸಾಯುತ್ತದೆ. ಅದಕ್ಕೆ ತೊಟ್ಟಿ ಎರಡೂವರೆ ತಿಂಗಳು ಖಾಲಿ ಇರಬೇಕು.

ನಡುವೆ ದೀಪಾವಳಿ ಬಂತು. ಲಕ್ಷ್ಮೀಪೂಜೆಗೆ ಅಂಗಡಿ ಸಿಂಗರಿಸುವಾಗ ಮಾಲೀಕ ಗುರುಪುತ್ರಪ್ಪನವರಿಗೆ ಖಾಲಿ ತೊಟ್ಟಿ ಕಣ್ಣಿಗೆ ಚುಚ್ಚಿತು.

"ಪೂಜಿ ದಿನ ಬರಿದು ಕಾಣಬಾರದವಾ. ಒಂದ ದಿನ ಬಿಡು, ಮರುದಿನ ತಗದ ಇಡು."

"ಆಗಂಗಿಲ್ಲರಿ ಸಾವ್ಕಾರ್ರ."

"ನನ್ನ ಸಲುವಾಗಿ ಬಿಡವಾ."

ಪ್ರಮಿಳಾ ಬಿಟ್ಟರು. "ಅವ್ರು ಬೈದಿದ್ರ ಇಲ್ಲ ಅಂತಿದ್ನಿ. ಮೆತ್ತಗ ಕೇಳಿದ್ರು, ಬಾಯಿನ ಬರಲಿಲ್ಲ" ಎಂದು ಈಗ ಹೇಳುತ್ತಾರೆ.

ಆ ಸಂಜೆ ಗಿರಾಕಿಗಳು ಸೀರೆ ಬಿಟ್ಟು ಮೀನಿನ ಫೋಟೊ ತೆಗೆದರು. ಮರುದಿನ ಮೀನು ಹಿಡಿಯಹೋದರೆ ಎಲ್ಲವೂ ಕಲ್ಲಿನ ಸಂದಿಗೆ. ಕಲ್ಲನ್ನೆಲ್ಲ ಕೀಳಬೇಕಿತ್ತು; ಅಂಗಡಿ ತುಂಬ ಹಬ್ಬದ ಗಿರಾಕಿ, ಅಂಗಡಿಯವರು ಯಾರೂ ಅದಕ್ಕೆ ಬಿಡಲಿಲ್ಲ. ವಾರದೊಳಗೆ ಚುಕ್ಕೆ ಮರಳಿದವು. ಐದು ಸತ್ತವು.

"ಕಸದ ಗಾಡಿಗೆ ಹಾಕಿದ್ನಿ. ಮತ್ತೇನ ಮಾಡೂದು?"

ಗುರುಪುತ್ರಪ್ಪ ಈಗಲೂ ಕೇಳಿದವರಿಗೆಲ್ಲ ಹೇಳುತ್ತಾರೆ: "ತಪ್ಪು ನಂದ ರೀ, ಅಕೀದಲ್ಲ."

ಪ್ರಮಿಳಾ ಒಪ್ಪುವುದಿಲ್ಲ. "ಅವರಿಗೆ ಗೊತ್ತಿರಲಿಲ್ಲ. ನನಗ ಗೊತ್ತಿತ್ತು."

ತೊಟ್ಟಿ ಮತ್ತೆ ಮೊದಲಿನಿಂದ ಖಾಲಿ ಬಿದ್ದಿದೆ; ಎರಡೂವರೆ ತಿಂಗಳು ಇನ್ನೂ ಮುಗಿದಿಲ್ಲ. ಉಳಿದದ್ದು ಈ ಹಳದಿ ಮೀನು ಒಂದೇ. ನಾಳೆ ಸಂಕ್ರಾಂತಿ. ಅಂಗಡಿ ತೆರೆಯುತ್ತಿದ್ದಂತೆ ಬಂದ ಹೆಂಗಸೊಬ್ಬರು ಗಾಜು ತಟ್ಟಿ, "ಏನ್ರಿ, ಬರೇ ನೀರ ಮಾರಾಕ ಇಟ್ಟೀರೇನು?" ಎಂದು ನಗುತ್ತಾರೆ. ಗುರುಪುತ್ರಪ್ಪನವರೂ ನಗುತ್ತಾರೆ. ಆ ಹೆಂಗಸು ಹೋದ ಮೇಲೆ ಗುರುಪುತ್ರಪ್ಪ ಗೋದಾಮಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ.

"ಈಗ ಚಲೋ ಐತೆಲ್ಲಾ ಅದು? ನಾಳೆ ಹಬ್ಬಕ್ಕ ಬಿಡೂಣೇನವಾ?"

"ಇಲ್ಲರಿ."

"ಒಂದ ತಾಸು?"

"ಒಂದ ತಾಸೂ ಇಲ್ಲರಿ ಸಾವ್ಕಾರ್ರ."

ಅವರು ಆಯಿತೆಂಬಂತೆ ತಲೆಯಾಡಿಸಿ ಅಂಗಡಿಯೊಳಗೆ ಹೋಗುತ್ತಾರೆ. ಪ್ರಮಿಳಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ನೋಡ್ರಿ, ಇಷ್ಟ ಸರಳ ಇತ್ತು. ಆವತ್ತೂ ಹಿಂಗ ಇಲ್ಲ ಅಂದಿದ್ರ ಆರೂ ಇರ್ತಿದ್ವು."